ಇಂಗ್ಲೆಂಡಿನ ಹಳ್ಳಿಯಲ್ಲಿ ಒಂಟಿ ಮನೆ ನೋಡಿದ್ದೇವೆ. ಇಪಿಸಿ (ಮನೆ ಎಷ್ಟು ಇಂಧನ ಉಳಿಸುತ್ತದೆ ಅಂತ ಎಯಿಂದ ಜಿವರೆಗೆ ದರ್ಜೆ ಕೊಡುವ ಸರ್ಟಿಫಿಕೇಟ್, ಎ ಅತ್ಯುತ್ತಮ) ಎಫ್‌ನಿಂದ ಡಿಗೆ ಏರಿದೆ. ಹಳೆಯ ಮಾರಾಟದ ಬೆಲೆ ಹಿಡಿದು ಚೌಕಾಸಿ ಮಾಡಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಎಫ್‌ನಿಂದ ಡಿ ಅಂತ ಓದಿದ ಕೂಡಲೇ ಷ್ರಾಪ್‌ಶೈರಿನ ನಮ್ಮ ಮನೆ ಕಣ್ಣೆದುರು ಬಂತು. ಅದೂ ಹೀಗೇ ಏರಿತ್ತು. ಆ ಡಿ ನೋಡಿಯೇ ಕೊಂಡೆವು, ಪೆಟ್ಟು ತಿಂದಿದ್ದೂ ಅದರಿಂದಲೇ.

ಕಲ್ಲಿನ ಮನೆ. ಊರಿಗೆ ಗ್ಯಾಸ್ ಲೈನ್ ಇಲ್ಲ, ಹಿತ್ತಲಲ್ಲಿ ಹೀಟಿಂಗ್ ಆಯಿಲ್ ಟ್ಯಾಂಕ್ (ನಮ್ಮ ಸೀಮೆಎಣ್ಣೆಯೇ, ಹೆಸರು ಮಾತ್ರ ಬೇರೆ). ಹಿಂದುಗಡೆ ವಿಸ್ತರಿಸಿ ಕಟ್ಟಿದ ದೊಡ್ಡ ಅಡುಗೆಮನೆ. ನಾನು ನೋಡಿದ್ದು 2018ರ ಇಪಿಸಿಯೊಂದನ್ನೇ: ಡಿ. ಅದೇ ಸರ್ಕಾರಿ ಪುಟದ ಕೆಳಗಡೆ ಆ ವಿಳಾಸದ ಹಳೆಯ ಸರ್ಟಿಫಿಕೇಟಿನ ಕೊಂಡಿಯೂ ಇತ್ತು. ಒತ್ತಲಿಲ್ಲ. ಒತ್ತಿದ್ದರೆ 2010ರಲ್ಲಿ ಎಫ್, ವಿಸ್ತೀರ್ಣ 112 ಚದರ ಮೀಟರ್ ಅಂತ ಕಾಣುತ್ತಿತ್ತು. 2018ರದ್ದರಲ್ಲಿ 138. ನಡುವೆ 26 ಚದರ ಮೀಟರ್ ಎಲ್ಲಿಂದ ಬಂತು?

ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಪ್ಲ್ಯಾನಿಂಗ್ (ಕಟ್ಟಲು ಅನುಮತಿ) ಹುಡುಕಾಟದಲ್ಲಿ ಆ ವರ್ಷಗಳ ಅರ್ಜಿ ಒಂದೂ ಇರಲಿಲ್ಲ. ಅಷ್ಟಕ್ಕೇ ಅಕ್ರಮ ಅನ್ನುವ ಹಾಗಿಲ್ಲ. ಒಂಟಿ ಮನೆಗೆ ಹಿಂದುಗಡೆ 4 ಮೀಟರ್‌ವರೆಗೆ ಒಂದಂತಸ್ತು ಕಟ್ಟಲು ಸಾಮಾನ್ಯವಾಗಿ ಅರ್ಜಿ ಬೇಡ. ಆದರೆ ಪ್ಲ್ಯಾನಿಂಗ್ ಬೇರೆ, ಬಿಲ್ಡಿಂಗ್ ಕಂಟ್ರೋಲ್ (ಕಟ್ಟಿದ್ದು ನಿಯಮದಂತಿದೆಯೇ ಅಂತ ತಪಾಸಣೆ) ಬೇರೆ. ಅರ್ಜಿ ಬೇಡದ ಇಂಥ ಕಟ್ಟಡಕ್ಕೂ ಬಿಲ್ಡಿಂಗ್ ಕಂಟ್ರೋಲ್‌ನ ಕಂಪ್ಲೀಷನ್ ಸರ್ಟಿಫಿಕೇಟ್ ಬೇಕು. ನಮ್ಮ ಅಡುಗೆಮನೆಗೆ ಅದು ಇರಲಿಲ್ಲ.

ಇನ್ನೊಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ದುಡ್ಡು ಹೋಗಿದ್ದು ಇಲ್ಲೇ. ಇಪಿಸಿ ಮಾಡುವವರು ಗೋಡೆ ಕೊರೆಯುವುದಿಲ್ಲ, ನೆಲ ಅಗೆಯುವುದಿಲ್ಲ. ಕಟ್ಟಿದ ಕಾಲ ಯಾವುದು ಅಂತ ಗುರುತಿಸಿ, ಆ ಕಾಲದ ನಿಯಮದ ಪ್ರಕಾರ ಇನ್ಸುಲೇಷನ್ (ಶಾಖ ಹೊರಹೋಗದಂತೆ ತಡೆಯುವ ಪದರ) ಇದೆ ಅಂತ ಲೆಕ್ಕ ಹಿಡಿಯುತ್ತಾರೆ. ಸರ್ಟಿಫಿಕೇಟಿನ ಸಾಲಿನ ಕೊನೆಯಲ್ಲಿ ‘ಅಸ್ಯೂಮ್ಡ್’ ಅಂತ ಒಂದು ಪದ ಬಂದರೆ ಅರ್ಥ ಅದೇ. ಹಾಗಾಗಿ ಯಾರೂ ತಪಾಸಣೆ ಮಾಡದೆ ಎಬ್ಬಿಸಿದ ಅಡುಗೆಮನೆಗೆ, ತಪಾಸಣೆಯಾಗಿದ್ದರೆ ಏನಿರಬೇಕಿತ್ತೋ ಅದೆಲ್ಲದರ ಅಂಕ ಸಿಕ್ಕಿತು. ಹೊಸ ಬಾಯ್ಲರ್ ಅಂಕ ಸೇರಿ ಎಫ್ ಹೋಗಿ ಡಿ ಆಯಿತು. ಟೈಲ್ಸ್ ಕಿತ್ತಾಗ ಕಂಡದ್ದು ಜಲ್ಲಿಯ ಮೇಲೆ ನೇರ ಸುರಿದ 100 ಮಿಮೀ ಕಾಂಕ್ರೀಟ್, ಇನ್ಸುಲೇಷನ್ ಬೋರ್ಡ್ ಒಂದು ಚೂರೂ ಇಲ್ಲ. ಹಿಂದಿನ ಗೋಡೆ ಒಡೆದ ಕಡೆ ಉಕ್ಕಿನ ತೊಲೆ ಪ್ಯಾಡ್‌ಸ್ಟೋನ್ (ತೊಲೆಯ ಭಾರ ಹರಡುವ ಕಲ್ಲು) ಇಲ್ಲದೆ ಹಳೇ ಕಲ್ಲುಗೋಡೆಯ ಮೇಲೆ ಹಾಗೇ ಕೂತಿತ್ತು. ಅಗೆದು, 100 ಮಿಮೀ ಪಿಐಆರ್ ಇನ್ಸುಲೇಷನ್ ಬೋರ್ಡ್ ಹಾಸಿ, ಮೇಲೆ ಸ್ಕ್ರೀಡ್ (ಸಮತಟ್ಟು ಸಿಮೆಂಟ್ ಪದರ) ಹಾಕಿ, ತೊಲೆ ಸರಿಪಡಿಸುವಷ್ಟರಲ್ಲಿ 11,000 ಪೌಂಡ್ ಮುಗಿಯಿತು.

ಸಾಲಿಸಿಟರ್ (ಮನೆ ಕೊಳ್ಳುವಾಗ ಕಾಗದಪತ್ರ ನೋಡುವ ವಕೀಲರು) ಏನೂ ಹೇಳಲಿಲ್ಲವೇ ಅಂದರೆ, ಹೇಳಿದ್ದರು, ಒಂದೇ ಸಾಲಿನಲ್ಲಿ: ಸರ್ಟಿಫಿಕೇಟ್ ಇಲ್ಲ, ಮಾರುವವರು ಇಂಡೆಮ್ನಿಟಿ ಇನ್ಶೂರೆನ್ಸ್ ಕೊಡುತ್ತಾರೆ. ನಾನು ಹೂಂ ಅಂದೆ. ಆ ಪಾಲಿಸಿ ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟಕ್ಕೆ ಮಾತ್ರ. ಕಟ್ಟಿದ್ದು ಕಳಪೆ ಅಂತಾದರೆ ಒಂದು ಪೈಸೆಯೂ ಬರುವುದಿಲ್ಲ.

ಇನ್ನು ನಿಮ್ಮ ಚೌಕಾಸಿ. ಹಳೆಯ ಮಾರಾಟದ ಬೆಲೆ ತೋರಿಸಿ ಕಡಿಮೆ ಮಾಡಿ ಅಂದರೆ ಏಜೆಂಟ್ ನಗುತ್ತಾನೆ, ಅದನ್ನು ಬಿಡಿ. ಲ್ಯಾಂಡ್ ರಿಜಿಸ್ಟ್ರಿಯ ಮಾರಾಟದ ಪಟ್ಟಿ (1995ರಿಂದ ಈಚಿನ ಮಾರಾಟಗಳದ್ದು, ಪುಕ್ಕಟೆ ಸಿಗುತ್ತದೆ) ಕೆಲಸಕ್ಕೆ ಬರುವುದು ಬೆಲೆಗಲ್ಲ, ತಾರೀಖಿಗೆ. ಒಂದೇ ಹಾಳೆಯಲ್ಲಿ ವರ್ಷವಾರು ಮೂರನ್ನೂ ಬರೆಯಿರಿ: ಮಾರಾಟ, ಪ್ಲ್ಯಾನಿಂಗ್ ತೀರ್ಮಾನ, ಇಪಿಸಿಯ ವಿಸ್ತೀರ್ಣ. ನಮ್ಮ ಮನೆ 2014ರಲ್ಲಿ ಕೈ ಬದಲಾಗಿತ್ತು. ಅಡುಗೆಮನೆ ಕಟ್ಟಿಸಿದ್ದು ಅದಕ್ಕೂ ಹಿಂದಿನವರು. ಅದಕ್ಕೇ ಟಿಎ6 ಫಾರಂನಲ್ಲಿ (ಮಾರುವವರು ಮನೆಯ ಬಗ್ಗೆ ತುಂಬಿಕೊಡುವ ಪ್ರಶ್ನಾವಳಿ) ನಮಗೆ ಮಾರಿದವರು ‘ಗೊತ್ತಿಲ್ಲ’ ಅಂತ ಬರೆದದ್ದು ಸುಳ್ಳೂ ಆಗಲಿಲ್ಲ, ಉಪಯೋಗಕ್ಕೂ ಬರಲಿಲ್ಲ.

ಮುಂದೆ ನೀವೇ ಕಟ್ಟುವ ಆಸೆಯಿದ್ದರೆ, ಆ 4 ಮೀಟರ್ ಅಳೆಯುವುದು ಮೂಲ ಮನೆಯ ಗೋಡೆಯಿಂದ, ಅಂದರೆ 1948ರ ಜುಲೈ 1ರಂದು ನಿಂತಿದ್ದ ಮನೆಯಿಂದ (ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದ ರೂಪದಿಂದ). ಹಿಂದಿನವರು ಅಷ್ಟನ್ನೂ ಬಳಸಿಬಿಟ್ಟಿರಬಹುದು. ಹಳೆಯ ಅನುಮತಿಯಿದ್ದರೆ ತೀರ್ಮಾನ ಪತ್ರದ ಷರತ್ತುಗಳನ್ನೂ ಓದಿ. ಅರ್ಜಿಯಿಲ್ಲದೆ ಕಟ್ಟುವ ಹಕ್ಕನ್ನು ಕಿತ್ತುಕೊಂಡಿದ್ದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಡಿ, ಎಫ್ ಅಕ್ಷರಕ್ಕಿಂತ ಎಣ್ಣೆಯ ರಸೀದಿ ಮೇಲು. ಎರಡು ಚಳಿಗಾಲದ್ದು ಕೇಳಿ. ಲೀಟರಿಗೆ ಸುಮಾರು 10 ಯೂನಿಟ್, ಒಳ್ಳೆ ಬಾಯ್ಲರ್ ಅದರಲ್ಲಿ 9 ಕೊಡುತ್ತದೆ. ಇಪಿಸಿಯಲ್ಲಿ ಮನೆ ಬಿಸಿಗೆ 21,000 ಯೂನಿಟ್ ಅಂತಿದ್ದರೆ ವರ್ಷಕ್ಕೆ 2,300 ಲೀಟರ್ ಮೇಲೆ. ರಸೀದಿಯಲ್ಲಿ 3,200 ಇದ್ದರೆ ಗೋಡೆ, ನೆಲಗಳ ಮೇಲೆ ಅನುಮಾನ ಪಡಿ. 1,200 ಇದ್ದರೆ ಅವರು ಚಳಿಯಲ್ಲಿ ಕೂತಿದ್ದರು ಅಂತ, ಇಲ್ಲವೇ ಸೌದೆ ಒಲೆ ಉರಿಸುತ್ತಿದ್ದರು ಅಂತ.

ಹಾಳೆ ಬರೆದು ಮುಗಿಯುವವರೆಗೆ ಕೌನ್ಸಿಲ್‌ಗೆ ಫೋನ್ ಮಾಡಬೇಡಿ. ವೆಬ್‌ಸೈಟಿನಲ್ಲಿ ಹುಡುಕಿದರೆ ತೊಂದರೆಯಿಲ್ಲ. ವಿಳಾಸ ಹೇಳಿ ವಿಚಾರಿಸಿದರೆ ಸಾಮಾನ್ಯವಾಗಿ ಇಂಡೆಮ್ನಿಟಿ ಪಾಲಿಸಿಯ ದಾರಿ ಮುಚ್ಚುತ್ತದೆ. ಲೆಕ್ಕ ತಾಳೆಯಾಗದಿದ್ದರೆ, ಮಾರುವವರೇ ತಮ್ಮ ಖರ್ಚಿನಲ್ಲಿ ರೆಗ್ಯುಲರೈಸೇಷನ್ ಸರ್ಟಿಫಿಕೇಟ್ (ಕಟ್ಟಿದ ಮೇಲೆ ಬಿಲ್ಡಿಂಗ್ ಕಂಟ್ರೋಲ್ ತಪಾಸಣೆ ಮಾಡಿಸಿ ಪಡೆಯುವ ಒಪ್ಪಿಗೆ) ತರಲಿ ಅಂತ ಸಾಲಿಸಿಟರ್ ಮೂಲಕ ಬರೆಸಿ. 1985ರ ನವೆಂಬರ್ 11ರ ನಂತರದ ಕೆಲಸಕ್ಕೆ ಅದು ಸಿಗುತ್ತದೆ. ಒಪ್ಪದಿದ್ದರೆ, ನೆಲ ಅಗೆಯುವ ಖರ್ಚನ್ನು ಬೆಲೆಯಿಂದ ಕಳೆಯಿರಿ.