ಓಡಿಹೋಗುವ ಹುಡುಗಿಯ ಕಥೆ: ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ

ಮೇಡಂ, ನೀವು ಹಾಕಿದ ಕಥಾಸಾರ ಓದಿದೆ. ಹತ್ತು ವರ್ಷದ ಗುಲಾಮ ಹುಡುಗಿ ಗುಲಾಮಗಿರಿ ಇದ್ದ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಿಂದ ಓಡಿಹೋಗುತ್ತಾಳೆ, ಬೇಲಿ ಮೇಲೆ ಹರವಿದ ಕೌದಿಗಳ ಚಿತ್ತಾರ ದಾರಿ ತೋರಿಸುತ್ತದೆ, ಒಬ್ಬ ಬಿಳಿಯ ಹೆಂಗಸು ಕಾಪಾಡುತ್ತಾಳೆ, ಗುಲಾಮಗಿರಿ ಇಲ್ಲದ ಪಕ್ಕದ ಪೆನ್ಸಿಲ್ವೇನಿಯಾದ ಗಡಿ ದಾಟಿದರೆ ಸುಖಾಂತ್ಯ. ಮಕ್ಕಳಿಗೆ ಎಷ್ಟು ಕ್ರೌರ್ಯ ತೋರಿಸಬಹುದು ಅಂತ ಕೇಳಿದ್ದೀರಿ. ಅದಕ್ಕೆ ಬರುತ್ತೇನೆ, ಆದರೆ ಮೊದಲು ಇಸವಿ ಯಾವುದು ಹೇಳಿ.

1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಹೊಸ ಕಾಯ್ದೆ ಬಂತು. ಅಲ್ಲಿಂದಾಚೆಗೆ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರ ಮುಟ್ಟಿದವರನ್ನೂ ಇನ್ನಷ್ಟು ಸುಲಭವಾಗಿ ಹಿಡಿದು ವಾಪಸ್ ಕಳಿಸಬಹುದಿತ್ತು. ಸಿಕ್ಕಿಬಿದ್ದವರು ತಮ್ಮ ಪರವಾಗಿ ಸಾಕ್ಷಿ ಹೇಳುವಂತಿರಲಿಲ್ಲ. ಆಶ್ರಯ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು. 1849ರಲ್ಲಿ ತಾವೇ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡು ಬಂದ ಹ್ಯಾರಿಯೆಟ್ ಟಬ್‌ಮನ್ ಮತ್ತೆ ಮತ್ತೆ ಹಿಂತಿರುಗಿ ಹೋಗಿ ಬಿಡಿಸಿ ತಂದ ತಮ್ಮವರನ್ನು, ಆ ಕಾಯ್ದೆ ತಲುಪದ ಕೆನಡಾದವರೆಗೆ ಕರೆದೊಯ್ಯಬೇಕಾಗಿ ಬಂದದ್ದು ಇದರಿಂದಲೇ. ನಿಮ್ಮ ಕಥೆ 1852ರದ್ದಾದರೆ ಗಡಿ ದಾಟಿದ ಹುಡುಗಿ ಇನ್ನೂ ಅರ್ಧ ದಾರಿಯಲ್ಲಿದ್ದಾಳೆ.

ಕೌದಿ ಸಂಕೇತ ದಯವಿಟ್ಟು ತೆಗೆದುಬಿಡಿ. ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಆಧಾರವಿಲ್ಲ ಎನ್ನುತ್ತಾರೆ ಇತಿಹಾಸಕಾರರು. ನಿಜವಾದ ಉಪಾಯಗಳೇ ಎಷ್ಟೋ ಚೆನ್ನಾಗಿವೆ. ಟಬ್‌ಮನ್ ಶನಿವಾರ ರಾತ್ರಿ ಹೊರಡುತ್ತಿದ್ದರು, ಯಾಕೆಂದರೆ ಭಾನುವಾರ ಪತ್ರಿಕೆಯಲ್ಲಿ 'ಓಡಿಹೋಗಿದ್ದಾರೆ' ಎಂಬ ಜಾಹೀರಾತು ಹಾಕಿಸಲು ಆಗುತ್ತಿರಲಿಲ್ಲ. ರಾತ್ರಿ ದೀರ್ಘವಾಗಿರುವ ಚಳಿಗಾಲವನ್ನೇ ಆರಿಸಿಕೊಳ್ಳುತ್ತಿದ್ದರು. ಹಸುಗೂಸು ಅತ್ತರೆ ಎಲ್ಲರೂ ಸಿಕ್ಕಿಬೀಳುತ್ತಾರಲ್ಲ, ಅದಕ್ಕೆ ಅಫೀಮು ಬೆರೆತ ಔಷಧಿ ಕುಡಿಸಿ ಮಲಗಿಸುತ್ತಿದ್ದರು.

ಕಾಪಾಡುವ ಬಿಳಿಯ ಹೆಂಗಸಿನ ಬಗ್ಗೆ. ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಅನೇಕರು ನಿಜವಾಗಿಯೂ ಸಹಾಯ ಮಾಡಿದ್ದಾರೆ, ಆ ಪಾತ್ರ ಇರಲಿ. ಆದರೆ ಕಥೆಯ ಬೆನ್ನೆಲುಬು ಕಪ್ಪು ಜನರದ್ದೇ ಆಗಿರಬೇಕು. ಓಡಿಬಂದವರಿಗೆ ನೆರವಾಗುತ್ತಿದ್ದ ಫಿಲಡೆಲ್ಫಿಯಾದ ಕಪ್ಪು ಜನಾಂಗದ ವಿಲಿಯಂ ಸ್ಟಿಲ್ ಅವರನ್ನು ನೋಡಿ. ಬಂದವರೊಬ್ಬೊಬ್ಬರನ್ನೂ ಕೂರಿಸಿ ಹೆಸರೇನು, ಒಡೆಯ ಯಾರು, ಯಾರನ್ನು ಬಿಟ್ಟು ಬಂದಿರಿ ಅಂತ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು, ಮುಂದೆ ಅಗಲಿದವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಲಿ ಅಂತ. 1850ರಲ್ಲಿ ಪೀಟರ್ ಎಂಬ ನಡುವಯಸ್ಸಿನವನೊಬ್ಬ ಬಂದು ಅಪ್ಪ ಅಮ್ಮನನ್ನು ಹುಡುಕುತ್ತಿದ್ದೇನೆ ಎಂದ. ಹೆಸರು ಕೇಳಿದರೆ ಸ್ಟಿಲ್ ಅವರದೇ ತಂದೆತಾಯಿ! ಆ ತಾಯಿ ಓಡಿಬರುವಾಗ ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಗಂಡುಮಕ್ಕಳಿಬ್ಬರನ್ನು ಬಿಟ್ಟುಬರಬೇಕಾಗಿತ್ತು. ಆಗ ವಿಲಿಯಂ ಇನ್ನೂ ಹುಟ್ಟಿಯೇ ಇರಲಿಲ್ಲ. ನಿಮ್ಮ ಹುಡುಗಿಗೂ ಒಬ್ಬ ತಮ್ಮ ಇರಲಿ, ಅವನನ್ನು ಬಿಟ್ಟು ಹೋಗಬೇಕಾಗಲಿ. ನೀವು ಹುಡುಕುತ್ತಿರುವ ನೋವು ಅಲ್ಲಿದೆ.

ಚಾಟಿ ಏಟಿನ ದೃಶ್ಯ ಒಂದೂ ಬೇಡ ಅನ್ನಿಸುತ್ತದೆ ನನಗೆ. ನಾರ್ತ್ ಕ್ಯಾರೊಲೈನಾದಲ್ಲಿ ಗುಲಾಮರಾಗಿದ್ದ ಹ್ಯಾರಿಯೆಟ್ ಜೇಕಬ್ಸ್ ಒಡೆಯನಿಂದ ತಪ್ಪಿಸಿಕೊಂಡು ಅಜ್ಜಿಯ ಮನೆಯ ಅಟ್ಟದಲ್ಲಿ ಸುಮಾರು 7 ವರ್ಷ ಅಡಗಿದ್ದರು. 9 ಅಡಿ ಉದ್ದ, 7 ಅಡಿ ಅಗಲ, ಅತಿ ಎತ್ತರದ ಜಾಗದಲ್ಲೂ ಮೂರೇ ಅಡಿ. ಹಲಗೆಗೆ ಸಣ್ಣ ತೂತು ಕೊರೆದು, ಕೆಳಗೆ ಓಡಾಡುವ ಸ್ವಂತ ಮಕ್ಕಳನ್ನು ನೋಡುತ್ತಿದ್ದರು. ಕೂಗಿ ಕರೆಯುವಂತಿಲ್ಲ. ಹತ್ತು ವರ್ಷದ ಓದುಗನಿಗೆ ಇದು ಅರ್ಥವಾಗುತ್ತದೆ, ರಕ್ತ ತೋರಿಸಬೇಕಿಲ್ಲ. ಬಾಲ್ಯದ ಕೆಲಸಗಳನ್ನೂ ಹಾಗೇ ಬರೆಯಿರಿ: ಪುಟ್ಟ ಟಬ್‌ಮನ್‌ಗೆ ದಡಾರ ಎದ್ದಿದ್ದಾಗಲೂ ತಣ್ಣೀರಿಗಿಳಿದು ಮಸ್ಕ್‌ರ್ಯಾಟ್ ಎಂಬ ನೀರಿಲಿ ಹಿಡಿಯುವ ಬೋನು ನೋಡಲು ಕಳಿಸುತ್ತಿದ್ದರು.

ಇನ್ನೊಂದು, ಹುಡುಗಿ ಪತ್ರ ಓದುತ್ತಾಳೆ ಎಂದಿದ್ದೀರಿ. ಗುಲಾಮರಿಗೆ ಸಾಮಾನ್ಯವಾಗಿ ಓದು ಕಲಿಸುತ್ತಿರಲಿಲ್ಲ, ಅವಳು ಕಲಿತದ್ದು ಹೇಗೆ? ಗುಲಾಮಗಿರಿಯಿಂದ ತಪ್ಪಿಸಿಕೊಂಡು ಮುಂದೆ ಹೆಸರಾಂತ ಲೇಖಕರಾದ ಫ್ರೆಡರಿಕ್ ಡಗ್ಲಾಸ್ ಹುಡುಗನಾಗಿದ್ದಾಗ ಮೇರಿಲ್ಯಾಂಡಿನ ಬಾಲ್ಟಿಮೋರಿನ ಬೀದಿಯಲ್ಲಿ ಹಸಿದ ಬಿಳಿಯ ಹುಡುಗರಿಗೆ ಬ್ರೆಡ್ ಕೊಟ್ಟು ಓದು ಕಲಿತರು. ನಿಮ್ಮ ಹುಡುಗಿಗೂ ಅಂಥದ್ದೊಂದು ದಾರಿ ಹುಡುಕಿ, ಮೊದಲ ಅಧ್ಯಾಯ ಆದಾಗ ಇಲ್ಲಿಯೇ ಹಾಕಿ.