ಉಮಿ ಎಳೆಯುವ ಚೈನ್ ಪದೇಪದೇ ಯಾಕೆ ತುಂಡಾಗುತ್ತದೆ?

ಪ್ರಶ್ನೆ: ನಮ್ಮದು ಮಾವನ ಕಾಲದ ಕುಚ್ಚಲಕ್ಕಿ ಮಿಲ್. ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಬಾಯ್ಲರ್‌ಗೆ ಉಮಿ ಎಳೆಯುವ ಕನ್ವೇಯರ್ ಚೈನ್ ದೀಪಾವಳಿಯಿಂದ ಈಚೆಗೆ ಮೂರು ಸಲ ತುಂಡಾಯಿತು. ಪ್ರತಿ ಸಲ ಫಿಟ್ಟರ್ ಎರಡು ಹೊಸ ಲಿಂಕ್ ಸೇರಿಸಿ ಕೊಡುತ್ತಾರೆ. ಅಂಗಡಿಯವರು ಇನ್ನೂ ದಪ್ಪದ ಚೈನ್ ತಗೊಳ್ಳಿ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಅಕ್ಕ, ದಪ್ಪದ ಚೈನ್‌ಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಟೇಪ್ ಹಿಡಿದು ಅಳತೆ ಮಾಡಿಸಿ.

ಅದಕ್ಕೂ ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ನಾನು ಬೈಕಂಪಾಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಗೊತ್ತಿಲ್ಲದೆ ಸ್ವಿಚ್ ಒತ್ತಿಬಿಟ್ಟರು. ನನ್ನ ಜೊತೆಯವನ ಎರಡು ಬೆರಳು ಹೋದವು. ಆಮೇಲೆ ಫ್ಯೂಸ್ ಜೇಬಿಗೆ ಹಾಕದೆ ನಾನು ಚೈನ್ ಮುಟ್ಟಿದ್ದೇ ಇಲ್ಲ.

ಚೈನ್ ಬಿಗಿಯಾಗಿರುವ ಕಡೆ ಹತ್ತು ಪಿಚ್ ಅಳೆಯಿರಿ. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿನವರೆಗೆ ಒಂದು ಪಿಚ್. ನಿಮ್ಮದು 4 ಇಂಚಿನ ಪಿಚ್ ಆದರೆ ಹೊಸ ಚೈನ್‌ನಲ್ಲಿ ಹತ್ತಕ್ಕೆ 1016 ಮಿ.ಮೀ. ಬರುತ್ತದೆ. ಅದು 1036ರ ಹತ್ತಿರ ಬಂದಿದ್ದರೆ ಶೇ. 2 ಉದ್ದವಾಗಿದೆ ಅಂತ ಲೆಕ್ಕ. ಹೊಸದಕ್ಕೆ ಆರ್ಡರ್ ಕೊಡಿ, ಶೇ. 3 ದಾಟಲು ಬಿಡಬೇಡಿ.

ಚೈನ್ ಎಳೆದು ಎಳೆದು ಉದ್ದವಾಯಿತು ಅಂತ ನಾವು ಹೇಳುತ್ತೇವೆ. ನಿಜಕ್ಕೂ ಸವೆಯುವುದು ಪಿನ್ ಮತ್ತು ಅದರ ಸುತ್ತ ಕೂರುವ ಕೊಳವೆ, ಅಂದರೆ ಬುಶ್. ತುಂಡಾದ ಹಳೇ ಲಿಂಕ್‌ನಿಂದ ಒಂದು ಪಿನ್ ಹೊಡೆದು ತೆಗೆಸಿ, ಸೀಮೆಎಣ್ಣೆಯಲ್ಲಿ ತೊಳೆದು, ಅದರ ಮೇಲೆ ಉಗುರು ಎಳೆಯಿರಿ. ಬುಶ್ ಕೂತಿದ್ದ ಜಾಗ ಸವೆದಿದ್ದರೆ ಅಲ್ಲಿಯ ಅಂಚಿಗೆ ಉಗುರು ತಟ್ಟನೆ ನಿಲ್ಲುತ್ತದೆ. ಪಿನ್ನಿನ ಹೊರಮೈ ಮಾತ್ರ ತುಂಬ ಗಟ್ಟಿ, ಒಳಗೆ ಮೆದು. ಆ ತೆಳು ಪದರ ಹೋದ ಮೇಲೆ ಸವೆತ ಓಡುತ್ತದೆ. ಅಷ್ಟು ವರ್ಷ ಸುಮ್ಮನಿದ್ದ ಚೈನ್ ಒಂದೇ ಸೀಸನ್‌ನಲ್ಲಿ ಕೈಕೊಡುವುದು ಇದಕ್ಕೇ.

ಉಮಿ ಹಗುರ ಅಂತ ನಂಬಬೇಡಿ. ಅದನ್ನು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿಯದೇ. ನಿಮ್ಮ ಹುಡುಗರು ಪ್ರೀತಿಯಿಂದ ಚೈನ್‌ಗೆ ಗ್ರೀಸ್ ಮೆತ್ತುತ್ತಿದ್ದಾರಾ? ಉಮಿಯ ಧೂಳು ಗ್ರೀಸಿಗೆ ಕೂತರೆ ವಾಲ್ವ್ ಉಜ್ಜುವ ಪೇಸ್ಟ್ ಆದ ಹಾಗೆಯೇ. ಬೇರಿಂಗ್‌ಗೆ ಗ್ರೀಸ್ ಬೇಕು, ಉಮಿಯೊಳಗೆ ಓಡುವ ಚೈನ್‌ಗೆ ಬೇಡ.

ಆ ಎರಡು ಹೊಸ ಲಿಂಕ್‌ಗಳ ವಿಷಯ. ಹಳೇ ಪಿಚ್ ಉದ್ದ, ಹೊಸದು ಗಿಡ್ಡ. ಚೈನ್ ಓಡಿಸುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಅದರ ಹಲ್ಲಿನ ಮೇಲೆ ಎರಡೂ ಸರಿಯಾಗಿ ಕೂರುವುದಿಲ್ಲ. ಪ್ರತಿ ಸುತ್ತಿನಲ್ಲೂ ಅಲ್ಲಿ ಒಂದು ಜಗ್ಗು. ಎರಡನೇ ಸಲ, ಮೂರನೇ ಸಲ ತುಂಡಾದದ್ದು ಹೊಸ ಲಿಂಕ್‌ಗೆ ತಾಗಿಕೊಂಡೇ ಅಲ್ವಾ, ನೋಡಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಅದನ್ನೂ ಚೈನ್ ಜೊತೆಗೇ ಬದಲಿಸಿ. ಹಳೇ ಹಲ್ಲು ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ. ಎರಡು ಸಾಲಿನ ಚೈನ್ ಆದರೆ ಎರಡನ್ನೂ ಒಟ್ಟಿಗೆ ಹಾಕಿ, ಚೈನ್ ಬಿಗಿ ಮಾಡುವ ಎರಡೂ ಕಡೆಯ ಸ್ಕ್ರೂ ಸಮವಾಗಿ ಬಿಗಿಯಿರಿ. ಅತಿ ಬಿಗಿಯೂ ಬೇಡ.

ಇನ್ನೊಂದು. ಮೋಟಾರ್ ಕಡೆ ಶಿಯರ್ ಪಿನ್ ಇದ್ದರೆ ಅದನ್ನು ನೀವೇ ನಿಂತು ನೋಡಿ. ಒದ್ದೆ ಉಮಿ ಕಟ್ಟಿಕೊಂಡಾಗ ಅದು ಮುರಿದು ಚೈನನ್ನು ಉಳಿಸಬೇಕು. ಪದೇಪದೇ ಮುರಿಯುತ್ತದೆ ಅಂತ ಅಲ್ಲಿಗೆ ಗಟ್ಟಿ ಬೋಲ್ಟ್ ಹಾಕಿಟ್ಟ ಮಿಲ್‌ಗಳನ್ನು ನಾನು ಕಂಡಿದ್ದೇನೆ. ಹಾಗಾದರೆ ಎಷ್ಟು ದಪ್ಪದ ಚೈನ್ ತಂದರೂ ಪೆಟ್ಟು ಅದಕ್ಕೇ ಬೀಳುತ್ತದೆ.

ಹತ್ತು ಪಿಚ್‌ನ ಅಳತೆ, ಸ್ಪ್ರಾಕೆಟ್ ಹಲ್ಲಿನ ಒಂದು ಫೋಟೊ ಕಳಿಸಿ. ಯಾವ ಚೈನ್ ಅಂತ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.