ವಿದ್ಯುತ್ ಖರ್ಚು ಜಾಸ್ತಿ, ಉತ್ಪಾದನೆ ಕಡಿಮೆ ಅಂದಮೇಲೆ ಶರಾವತಿ ಪಂಪ್ಡ್ ಸ್ಟೋರೇಜ್ ಯಾಕೆ?

ನಿಮ್ಮ ಲೆಕ್ಕ ಸರಿಯೇ. ಕೆಳಗಿನ ಗೇರುಸೊಪ್ಪ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರೆತ್ತಲು 100 ಯೂನಿಟ್ ಸುರಿದರೆ, ಅದೇ ನೀರು ಇಳಿಯುವಾಗ ವಾಪಸ್ ಬರುವುದು 75–80. ಆದರೆ ಇದು ವಿದ್ಯುತ್ ಕೇಂದ್ರಕ್ಕಿಂತ ಹೆಚ್ಚಾಗಿ ಒಂದು ಬ್ಯಾಟರಿ.

ನಮ್ಮ ಶಿರಸಿ ಕಡೆ ಕರೆಂಟ್ ಇದ್ದಾಗ ಮೋಟಾರ್ ಹಾಕಿ ಗುಡ್ಡದ ಮೇಲಿನ ಟ್ಯಾಂಕ್ ತುಂಬಿಸಿಟ್ಟು, ಬೇಕಾದಾಗ ಅಡಿಕೆ ತೋಟಕ್ಕೆ ಬಿಡ್ತಾರಲ್ಲ, ಹಾಗೇ. ಮಧ್ಯಾಹ್ನ ಪಾವಗಡದಂಥ ಸೋಲಾರ್ ಪಾರ್ಕ್‌ಗಳ ವಿದ್ಯುತ್ ಧಾರಾಳ; ಸಂಜೆ ಏಳಕ್ಕೆ, ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ, ಅದು ಸೊನ್ನೆ. ಆ ಅಂತರ ತುಂಬಲು ಈ ಯೋಜನೆ.

1,000 ಲೀಟರ್ ನೀರು 400 ಮೀಟರ್ ಇಳಿದರೆ ಸಿಗುವುದು ಹೆಚ್ಚುಕಡಿಮೆ 1 ಯೂನಿಟ್. (ಒಂದು ಇಸ್ತ್ರಿಪೆಟ್ಟಿಗೆಗೆ ಒಂದು ತಾಸು!) ಯೋಜನೆ 2,000 ಮೆಗಾವಾಟ್‌ನದು, ಅಂದರೆ ಆ ಲೆಕ್ಕದಲ್ಲಿ ಗಂಟೆಗೆ 200 ಕೋಟಿ ಲೀಟರ್. ಅದಕ್ಕೇ ಎರಡು ಜಲಾಶಯ ಬೇಕು.

ಜಲಾಶಯ ಎರಡೂ ಹಳೆಯವು, ಒಪ್ಪೋಣ. ಆದರೆ ಸುರಂಗ, ರಸ್ತೆಗೆ ಮರ ಕಡಿಯಬೇಕಾಗಿರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಹೊನ್ನಾವರ ಕಡೆಯವರ ತಕರಾರು ಇರುವುದು ಅಲ್ಲಿ, ನಿಮ್ಮ ಆ 20–25 ಯೂನಿಟ್ ನಷ್ಟದಲ್ಲಲ್ಲ.